ಗಾಜಿನ್ಯಾಗ ಸಮುದ್ರ ಇಟ್ಟ ಹೆಣ್ಮಕ್ಕಳು

ನಮ್ದು ಸಗರನಾಡು, ಸಾಗರನಾಡಲ್ಲ. ಬರೆಯೂದ್ರಾಗ ಒಂದು ದೀರ್ಘದ ಫರಕು ಅಷ್ಟೇ, ಆದ್ರ ಆ ದೀರ್ಘದಾಗ ನೂರಾರು ಮೈಲಿ ಅವ. ಪಡುವಣಕ್ಕ ಕಾರವಾರ, ಮೂಡಣಕ್ಕ ಆಂಧ್ರದ ದಂಡಿ, ನಡುವ ನಾವು. ಕೃಷ್ಣವ್ವ ನಾರಾಯಣಪುರದಾಗ ಒಂದೀಟು ನಿಂತು, ಮುಂದ ಭೀಮವ್ವನ್ನ ಕೂಡಿಕೊಂಡು ಸಮುದ್ರಕ್ಕ ಹೋಗ್ತಾಳ. ನಾವು ಇಲ್ಲೇ ಉಳೀತೀವಿ. ನಮ್ ಕಡಿ ಎಷ್ಟೋ ಮಂದಿ ಹೆಣ್ಮಕ್ಕಳು ಸಮುದ್ರ ಮೊದಲ ಸಲ ನೋಡಿದ್ದು ದುಡಿಯಾಕಂತ ಮುಂಬೈಗಿ ಗುಳೇ ಹೋದಾಗ.

ಅಂಥಾ ನಾಡಿನ್ಯಾಗ ಈಗ ಉಪ್ಪುನೀರಿನ ಮೀನಿನ ಪೆಟ್ಟಿಗಿ ಮಾತು ಬಂದದ. ಬೆಂಗಳೂರಾಗಿರೋ ಹುಡುಗರು ಫೋನಿನ್ಯಾಗ ತೋರಸ್ತಾರ, ಕಿತ್ತಳಿ ಮೈ, ಬಿಳಿ ಪಟ್ಟಿ, ಕುಣಕೋತ ಓಡಾಡೋ ಮೀನು. ನೋಡಿದವ್ರು, "ಅತ್ತಿ, ನಮ್ ಮನ್ಯಾಗೂ ಇಡಬಹುದೇನ್ರಿ?" ಅಂತ ಕೇಳ್ತಾರ. ಇಡಬೇಕೋ ಬ್ಯಾಡೋ ಅನ್ನೂದು ಆಮ್ಯಾಲಿನ ಮಾತು. ಮೊದ್ಲು ಇದು ಎಲ್ಲಿಂದ ಬಂತು ಅಂತ ತಿಳಕೊಂಡ್ರ ಚಲೋ. ಯಾಕಂದ್ರ ಈ ಪೆಟ್ಟಿಗಿ ಚರಿತ್ರಿ ಬರೆಯುವಾಗ ದೊಡ್ಡ ದೊಡ್ಡ ಸಾಹೇಬ್ರ ಹೆಸರೇ ಮುಂದ ಬರ್ತಾವ. ಸುರು ಆದದ್ದು ಮಾತ್ರ ಇಬ್ಬರು ಹೆಣ್ಮಕ್ಕಳ ಮನ್ಯಾಗ, ಮತ್ತ ಹೆಸರೇ ಉಳೀದ ಒಬ್ಬ ಕೆಲಸದ ಹುಡುಗಿ ಕೈಯಾಗ.

ನಮ್ ಮನಿಗಿ ಸಮುದ್ರ ಬರೂದು ಹೊಸಾದೇನಲ್ಲ. ಉಪ್ಪಾಗಿ ಬರ್ತಿತ್ತು. ರೈಲು, ಲಾರಿ ಇಲ್ಲದ ಕಾಲಕ್ಕ ದಂಡಿಯಿಂದ ಒಳನಾಡಿಗಿ ಎತ್ತಿನ ಬೆನ್ನ ಮ್ಯಾಲ ಉಪ್ಪು ಹೇರಿಕೊಂಡು ತಂದವ್ರು ಲಂಬಾಣಿಗರು. ಇವತ್ತು ಶಹಾಪುರ, ಸುರಪುರ, ಯಾದಗಿರಿ ಸುತ್ತ ಇರೋ ತಾಂಡಾದವರ ಹಿರೇರು ಅದೇ ಮಂದಿ. ಅಂದ್ರ ಸಮುದ್ರದ ನೀರು ಆರಿಸಿ, ಉಪ್ಪಷ್ಟೇ ಒಳಗ ತರೂದು ನಮಗ ಗೊತ್ತಿತ್ತು. ಸಮುದ್ರದ ಜೀವಾನ್ನ ಜೀವಂತ ಒಳಗ ತರೂದು ಯಾರಿಗೂ ಗೊತ್ತಿದ್ದಿಲ್ಲ.

ಹಿಂದಕ ರೋಮಿನ ಸಾವಕಾರ್ರು ದಂಡಿ ಮ್ಯಾಲ ಹೊಂಡ ಕಟ್ಟಿಸಿ ಸಮುದ್ರದ ಮೀನು ಸಾಕ್ತಿದ್ರು. ಚೀನಾದವ್ರು ಕೆಂಪು ಮೀನು ತೊಟ್ಟ್ಯಾಗ ಇಡ್ತಿದ್ರು, ಆದ್ರ ಅವು ಸಿಹಿನೀರಿನವು. ಎಲ್ಲಾರೂ ಮ್ಯಾಲಿಂದ ಬಗ್ಗಿ ನೋಡವ್ರೇ. ಬದಿಯಿಂದ, ಮೀನಿನ ಮುಖಕ್ಕ ಮುಖ ಕೊಟ್ಟು ನೋಡೂದು ಇದ್ದಿಲ್ಲ. ದಂಡಿಯಿಂದ ದೂರ ಒಯ್ದ್ರ ಸಮುದ್ರದ ಜೀವ ಎರಡು-ಮೂರು ದಿನಕ್ಕ ಸಾಯ್ತಿತ್ತು. ಯಾಕ ಸಾಯ್ತದ ಅನ್ನೂದೇ ತಿಳೀತಿದ್ದಿಲ್ಲ.

ಈ ಗಂಟು ಮೊದ್ಲು ಬಿಚ್ಚಿದಾಕಿ ಒಬ್ಬ ಹೊಲಿಗಿ ಹೆಣ್ಮಗಳು. ಹೆಸರು ಜಾನ್ ವಿಲ್‌ಪ್ರೂ. 1794ರಾಗ ಫ್ರಾನ್ಸಿನ ಜ್ಯೂಯಾಕ್ ಅನ್ನೋ ಸಣ್ಣ ಊರಾಗ ಹುಟ್ಟಿದಾಕಿ. ವಯಸ್ಸಿಗಿ ಬಂದ ಮ್ಯಾಲ ನಾಕುನೂರು ಕಿಲೋಮೀಟರಿಗಿಂತ ಹೆಚ್ಚು ದಾರಿ ಸವೆಸಿ ಪ್ಯಾರಿಸಿಗಿ ಹೋಗಿ, ಅಲ್ಲಿ ಹೊಲಿಗಿ, ಕಸೂತಿ ಕೆಲಸ ಹಿಡಿದ್ಳು. 1816ರಾಗ ಒಬ್ಬ ರಾಜಕುಮಾರಿ ಮದುವಿ ಉಡುಪು ಹೊಲದು ಹೆಸರು ತಗೊಂಡ್ಳು. ಎರಡು ವರ್ಷಕ್ಕ ಜೇಮ್ಸ್ ಪವರ್ ಅನ್ನೋ ವ್ಯಾಪಾರಸ್ಥನ ಕೈ ಹಿಡದು ಇಟಲಿಯ ಸಿಸಿಲಿ ದ್ವೀಪದ ಮೆಸೀನಾ ಊರಿಗಿ ಬಂದ್ಳು. ಎದುರಿಗೇ ಸಮುದ್ರ. ದೊಡ್ಡ ಶಾಲಿ ಕಲತಾಕಿ ಅಲ್ಲ. ತಾನೇ ಓದಿ, ತಾನೇ ನೋಡಿ ಕಲತ್ಳು.

ಆ ಕಾಲಕ್ಕ ಪಂಡಿತರೊಳಗ ಒಂದು ಜಗಳ ನಡೆದಿತ್ತು. ಅರ್ಗೊನಾಟ್ ಅಂತ ಒಂದು ಎಂಟು ತೋಳಿನ ಪ್ರಾಣಿ ಅದ. ಹಾಳಿಯಂಥಾ ತೆಳ್ಳನ ಬಿಳಿ ಚಿಪ್ಪಿನ್ಯಾಗ ಕುಂತು ತೇಲ್ತದ. ಆ ಚಿಪ್ಪು ಅದರ ಸ್ವಂತದ್ದೋ, ಬ್ಯಾರೆ ಪ್ರಾಣಿದು ಕದ್ದದ್ದೋ ಅನ್ನೂದೇ ಜಗಳ. ಸತ್ತ ಪ್ರಾಣಿ ಮೇಜಿನ ಮ್ಯಾಲ ಇಟಗೊಂಡು ಎಷ್ಟು ವಾದ ಮಾಡಿದ್ರೂ ಹ್ಯಾಂಗ ತಿಳೀಬೇಕ್ರಿ? ಜಾನ್ 1832ರಾಗ ಗಾಜಿನ ಪೆಟ್ಟಿಗಿ ಮಾಡಿಸಿ, ಸಮುದ್ರದ ನೀರು ತುಂಬಿ, ಜೀವಂತ ಅರ್ಗೊನಾಟ್ ಅದರಾಗ ಬಿಟ್ಳು. ಸಮುದ್ರದೊಳಗ ಇಳಿಬಿಡಾಕ ಪಂಜರದಂಥವೂ ಮಾಡಿಸಿದ್ಳು. ದಿನಾ ಕುಂತು ನೋಡಿದ್ಳು. ಮರಿ ದೊಡ್ಡದಾದಂಗ ಚಿಪ್ಪೂ ಬೆಳಿತದ, ಚಿಪ್ಪು ಒಡದ್ರ ಪ್ರಾಣಿ ತಾನೇ ತೇಪಿ ಹಾಕ್ತದ ಅಂತ ತೋರಿಸಿದ್ಳು. ಚಿಪ್ಪು ಸ್ವಂತದ್ದು ಅಂತ ಜಗಳ ಮುಗೀತು. ಇದರಾಗ ಇನ್ನೊಂದು ಸ್ವಾರಸ್ಯ ಅದ, ಆ ಚಿಪ್ಪು ಮಾಡೂದು ಹೆಣ್ಣು ಮಾತ್ರ. ತತ್ತಿ ಇಟಗೊಳ್ಳಾಕ ಮಾಡಿಕೊಂಡ ತೊಟ್ಟಲ ಅದು.

ಕೌದಿ ಹೊಲಿಯೋ ನಮಗ ಇದು ತಿಳೀತದ ನೋಡ್ರಿ. ಹೊಲಿಗಿ ಮಾಡಾಕಿ ಕಣ್ಣಿಗಿ ತೇಪಿ ಯಾವುದು, ಮೂಲ ಅರಿವಿ ಯಾವುದು ಅಂತ ಗುರುತು ಹತ್ತತದ. ಅಕಿ ಕಷ್ಟ ಅಲ್ಲಿಗೇ ಮುಗೀಲಿಲ್ಲ. ಅಕಿ ಸಾಮಾನು ಹೇರಿದ್ದ ಹಡಗ ಮುಳುಗಿ ಎಷ್ಟೋ ವರ್ಷ ಕೂಡಿಸಿಟ್ಟ ಕಾಗದ, ಚಿತ್ರ, ಮಾದರಿ ಎಲ್ಲಾ ನೀರುಪಾಲಾದವು. 1858ರಾಗ ರಿಚರ್ಡ್ ಓವನ್ ಅನ್ನೋ ದೊಡ್ಡ ಇಂಗ್ಲಿಷ್ ಪಂಡಿತರು ಅಕಿನ್ನ ಜಲಚರ ಸಾಕೋ ವಿದ್ಯಾದ ತಾಯಿ ಅಂತ ಕರದ್ರು. 1871ರಾಗ ತಾನು ಹುಟ್ಟಿದ ಊರಾಗೇ ತೀರಿಕೊಂಡ್ಳು. ಆಮ್ಯಾಲ ನೂರು ವರ್ಷಕ್ಕೂ ಹೆಚ್ಚು ಮಂದಿ ಮರತೇಬಿಟ್ರು. 1997ರಾಗ ಶುಕ್ರ ಗ್ರಹದ ಮ್ಯಾಲಿನ ಒಂದು ಕುಳಿಗಿ ಅಕಿ ಹೆಸರಿಟ್ರು.

ಜಾನ್ ಇದ್ದದ್ದು ದಂಡಿ ಮ್ಯಾಲ, ಬೇಕಾದಾಗ ಹೊಸ ನೀರು. ದಂಡಿ ಇಲ್ಲದಲ್ಲಿ ಹ್ಯಾಂಗ? ಅದನ್ನ ಮಾಡಿ ತೋರಿಸಿದಾಕಿ ಲಂಡನ್ನಿನ ಆನಾ ಥಿನ್. ಗಂಡ ವೆಸ್ಟ್‌ಮಿನಿಸ್ಟರ್ ಅಬ್ಬೆ ಅನ್ನೋ ದೊಡ್ಡ ಚರ್ಚಿನ ಪಾದ್ರಿ. 1846ರಾಗ ಟಾರ್ಕಿ ಅನ್ನೋ ದಂಡಿ ಊರಿಗಿ ಹೋದಾಗ ಅಕಿಗಿ ಜೀವಂತ ಹವಳ ಸಿಕ್ಕವು. ತಾಳಿ ಸರದಾಗ ಪೋಣಸ್ತೀವಲ್ರಿ ಹವಳ, ಅದರ ಬಳಗದ್ದೇ. ಹವಳ ಕಲ್ಲಲ್ಲ, ಜೀವ. ಅವನ್ನ ಸಾಯಗೊಡದ ಲಂಡನ್ನಿಗಿ ಒಯ್ಯಬೇಕಂತ ಅಕಿ ಏನ್ ಮಾಡಿದ್ಳು ಅಂದ್ರ, ಒಂದು ದೊಡ್ಡ ಸ್ಪಂಜಿಗಿ ಸೂಜಿ-ದಾರ ತಗೊಂಡು ಹವಳ ಹೊಲದು, ಉಪ್ಪುನೀರಿನ ಭರಣ್ಯಾಗ ಇಟಗೊಂಡು ಹೋದ್ಳು. ಇಲ್ಲೂ ಸೂಜಿ-ದಾರಾನೇ ನೋಡ್ರಿ.

ಲಂಡನ್ನಿನ್ಯಾಗ ಗಾಜಿನ ಬಟ್ಟಲದಾಗ ಇಟ್ಳು. ಮೊದಮೊದ್ಲು ಸಮುದ್ರದ ನೀರು ತರಿಸಿ ಬದಲಾಯಿಸ್ತಿದ್ಳು. ನೀರು ಸಾಲದಾದಾಗ ಒಂದು ಯುಕ್ತಿ ಹೊಳೀತು. ಇದ್ದ ನೀರನ್ನೇ ತೆರದ ಕಿಡಕಿ ಮುಂದ ನಿಂತು, ಒಂದು ಪಾತ್ರಿಯಿಂದ ಇನ್ನೊಂದು ಪಾತ್ರಿಗಿ ಎತ್ತಿ ಎತ್ತಿ ಹೊಯ್ಯೂದು. ನಾವು ಕೂಸಿಗಿ ಹಾಲು ಆರಸ್ತೀವಲ್ಲ, ಹಂಗ. ದಿನಾ ಅರ್ಧ ತಾಸು, ಮುಕ್ಕಾಲು ತಾಸು. ಹಂಗ ಹೊಯ್ದಾಗ ಗಾಳಿ ನೀರಾಗ ಬೆರೀತದ, ಜೀವಕ್ಕ ಉಸಿರು ಸಿಗ್ತದ. ಈಗ ಪೆಟ್ಟಿಗ್ಯಾಗ ಬುಳುಬುಳು ಅಂತ ಗುಳ್ಳಿ ಬಿಡೋ ಮಶೀನು ಮಾಡೂದೂ ಅದನ್ನೇ.

ಆದ್ರ ಆ ನೀರು ಹೊಯ್ದಾಕಿ ಆನಾ ಅಲ್ಲ. ಮನಿ ಕೆಲಸದ ಒಬ್ಬ ಸಣ್ಣ ಹುಡುಗಿ. ಇದು ದಣಿವಿನ ಕೆಲಸ ಅಂತ ಆನಾ ತಾನೇ ಬರದಾಳ, ಬರದು, ಆ ಹುಡುಗಿಗಿ ಮಾತ್ರ ಇದು ಒಂದು ಆಟ ಇದ್ದಂಗ ಇತ್ತು ಅಂತನೂ ಹೇಳ್ಯಾಳ. ಹುಡುಗಿ ಹೆಸರು ಬರದಿಲ್ಲ. ಅಕಿಗಿ ಬರೆಯಾಕ ಬರ್ತಿದ್ರ ಏನ್ ಬರೀತಿದ್ಳೋ. ಕೊಡ ಹೊತ್ತ ರಟ್ಟಿಗಳಿಗೆ ಗೊತ್ತು, ಮುಕ್ಕಾಲು ತಾಸು ನೀರು ಎತ್ತಿ ಹೊಯ್ದ್ರ ಅದು ಆಟ ಹೌದೋ ಅಲ್ಲೋ ಅಂತ. ಪುಸ್ತಕದಾಗಿನ ಪಂಪಿಗಿ ಕಂಪನಿ ಹೆಸರು ಇರ್ತದ. ಮೊದಲನೇ ಪಂಪಿಗಿ ಎರಡು ಕೈ ಇದ್ದವು, ಹೆಸರು ಇದ್ದಿಲ್ಲ.

ಮರುವರ್ಷ, 1847ರಾಗ, ಆನಾ ದಂಡಿಯಿಂದ ಸಮುದ್ರದ ಹಸರ ಬಳ್ಳಿ ತರಿಸಿ ಅದೇ ನೀರಾಗ ಬಿಟ್ಳು. ಬೆಳಕು ಬಿದ್ದಾಗ ಆ ಗಿಡ ತಾನೇ ನೀರಿಗಿ ಉಸಿರು ಕೊಡ್ತು. ಸುಮಾರು ಮೂರು ವರ್ಷ ಲಂಡನ್ನಿನ ಮನ್ಯಾಗ ಹವಳ ಬದುಕಿದವು, ಮರಿನೂ ಹಾಕಿದವು. ಇದನ್ನ ಅಕಿ ಬರದದ್ದು ಅಚ್ಚಾದದ್ದು 1859ರಾಗ. ಅಷ್ಟೊತ್ತಿಗಿ ಹೆಸರು ಬ್ಯಾರೆಯವರ ಪಾಲಾಗಿತ್ತು.

ಅದೇ ಹೊತ್ತಿಗಿ ನಮ್ ಸುರಪುರದಾಗ ಏನ್ ನಡೆದಿತ್ತು? 1841ರಿಂದ ಮೆಡೋಸ್ ಟೇಲರ್ ಸಾಹೇಬ್ರು ಸಂಸ್ಥಾನದ ಮ್ಯಾಲುಸ್ತುವಾರಿಗಿ ಬಂದು, ಗುಡ್ಡದ ಮ್ಯಾಲ ಮಂಜಿಲ್ ಕಟ್ಟಿಸಿಕೊಂಡು, ಸಣ್ಣ ರಾಜ ವೆಂಕಟಪ್ಪ ನಾಯಕರಿಗಿ ಪಾಠ ಹೇಳ್ತಿದ್ರು. ಲಂಡನ್ನಿನ್ಯಾಗ ಆ ಹುಡುಗಿ ನೀರು ಹೊಯ್ಯುವಾಗ ಇಲ್ಲಿ ನಮ್ ಮುತ್ತಜ್ಜಿಯರ ಅಜ್ಜಿಯರು ಬಾವಿಯಿಂದ ನೀರು ಸೇದತಿದ್ರು. 1853ರಾಗ ಟೇಲರ್ ಸುರಪುರ ಬಿಟ್ಟು ಹೋದ್ರು. ಅದೇ 1853ರಾಗ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಪ್ರಾಣಿ ಸಂಗ್ರಹಾಲಯದಾಗ ಮಂದಿಗಿ ನೋಡಾಕ ಜಗತ್ತಿನ ಮೊದಲ ಮೀನಿನ ಮನಿ ತೆರೀತು. ನಮ್ ರಾಜ ಕಂಪನಿ ಸರಕಾರದ ವಿರುದ್ಧ ನಿಂತು ಸುರಪುರ ಕಳಕೊಂಡ 1858ರ ಹೊತ್ತಿಗಿ ಇಂಗ್ಲೆಂಡಿನ ಸಾವಕಾರ್ರ ಪಡಸಾಲ್ಯಾಗ ಗಾಜಿನ ಪೆಟ್ಟಿಗಿ ಶೋಕಿ ಸಾಮಾನಾಗಿತ್ತು.

ಆ ಹೆಸರು ಯಾರ ಪಾಲಾತು ಅಂದ್ರ ಇಬ್ಬರು ಗಂಡಸರ ಪಾಲು. ಅವರ ಕೆಲಸನೂ ಸಣ್ಣದಲ್ಲ, ಹೇಳಬೇಕು. ರಾಬರ್ಟ್ ವಾರಿಂಗ್ಟನ್ ಅನ್ನೋ ರಸಾಯನ ಪಂಡಿತರು 1850ರಾಗ ಒಂದು ಲೆಕ್ಕ ಮುಂದಿಟ್ರು. ಮೀನು ಬಿಟ್ಟದ್ದು ಗಿಡಕ್ಕ, ಗಿಡ ಬಿಟ್ಟದ್ದು ಮೀನಿಗಿ, ಕೊಳೆತ ಎಲಿ ತಿನ್ನಾಕ ಬಸವನಹುಳ. ಮೂರೂ ಸಮ ಇದ್ರ ನೀರು ಕೆಡಂಗಿಲ್ಲ ಅಂತ. ಇನ್ನೊಬ್ಬರು ಫಿಲಿಪ್ ಹೆನ್ರಿ ಗಾಸ್. ಲಂಡನ್ನಿನ ಮೀನಿನ ಮನಿಗಿ ಸಮುದ್ರದ ಜೀವ ಕೂಡಿಸಿ ಕೊಟ್ಟವ್ರು. 1854ರಾಗ ಅವರು ಬರದ ಪುಸ್ತಕದಿಂದಲೇ ಅಕ್ವೇರಿಯಂ ಅನ್ನೋ ಶಬ್ದ ಮನಿಮನಿಗಿ ಹೋತು. ದಂಡಿಯಿಂದ ನೀರು ತರೋ ತ್ರಾಸು ತಪ್ಪಲಿ ಅಂತ ನಾಕು ತರದ ಉಪ್ಪು ಅಳತಿ ಮಾಡಿ ಸಿಹಿನೀರಿಗಿ ಹಾಕಿ ಸಮುದ್ರದ ನೀರು ಮಾಡೋ ಪದ್ಧತಿನೂ ಅವರು ಹೇಳಿಕೊಟ್ರು. 1845ರಾಗ ಇಂಗ್ಲೆಂಡಿನ ಸರಕಾರ ಗಾಜಿನ ಮ್ಯಾಲಿನ ತೆರಿಗಿ ತಗದಿತ್ತು, ಗಾಜು ಸೋವಿ ಆಗಿತ್ತು. ರೈಲೂ ಬಂದಿತ್ತು. ಎಲ್ಲಾ ಕೂಡಿ ಬಂತು.

ಕೂಡಿ ಬಂದದ್ದು ಸಮುದ್ರಕ್ಕ ಒಳ್ಳೇದಾಗಲಿಲ್ಲ. ಗಾಸ್ ಅವರ ಪುಸ್ತಕ ಓದಿದ ಮಂದಿ ಹಿಂಡು ಹಿಂಡಾಗಿ ದಂಡಿಗಿ ಹೋಗಿ, ಬಂಡಿ ಸಂದಿಯೊಳಗಿದ್ದ ಹೂವಿನಂಥಾ ಜೀವಗಳನ್ನ ಕಿತ್ತು ಕಿತ್ತು ಡಬ್ಬ್ಯಾಗ ತುಂಬಿಕೊಂಡು ಬಂದ್ರು. ಬಹಳಷ್ಟು ಸತ್ತವು. ಕೆಲವೇ ವರ್ಷದಾಗ ಆ ದಂಡಿ ಬರಿದಾತು. ಗಾಸ್ ಅವರ ಮಗ ಎಡ್ಮಂಡ್ ದೊಡ್ಡವನಾದ ಮ್ಯಾಲ 1907ರಾಗ ಬರದ ಪುಸ್ತಕದಾಗ ಈ ಸಂಗತಿ ಹೇಳಿಕೊಂಡು ಮರುಗ್ಯಾನ. ಅಪ್ಪ ಪ್ರೀತಿಯಿಂದ ಬರದದ್ದು, ಆದ್ರ ಆ ಪ್ರೀತಿನೇ ದಂಡಿಗಿ ಮುಳುವಾತು. ಪೆಟ್ಟಿಗಿ ಕೊಳ್ಳೋಕಿಂತ ಮುಂಚೆ ಈ ಮಾತು ನೆನಪಿಡಬೇಕ್ರಿ.

ನಮ್ ದೇಶದಾಗ ಹೆಸರಾದ ಮೀನಿನ ಮನಿ ಮುಂಬೈ ಮರೀನ್ ಡ್ರೈವಿನ ತಾರಾಪೋರವಾಲಾ ಅಕ್ವೇರಿಯಂ. 1951ರಾಗ ಸುರು ಆದದ್ದು, ದಾನ ಕೊಟ್ಟ ಪಾರ್ಸಿ ಸಾವಕಾರ್ರ ಹೆಸರು ಅದಕ್ಕ. ನಮ್ ಕಡಿಯಿಂದ ದುಡಿಯಾಕ ಹೋದವ್ರು ರವಿವಾರ ಮಕ್ಕಳನ್ನ ಕರಕೊಂಡು ಹೋಗಿ ನೋಡಿ ಬಂದದ್ದು ಇದನ್ನೇ. ಬೆಂಗಳೂರಿನ ಕಬ್ಬನ್ ಪಾರ್ಕಿನ ಬದಿಗಿ ಸರಕಾರದ್ದು ಬಂದದ್ದು 1983ರಾಗ.

ಮನ್ಯಾಗ ಉಪ್ಪುನೀರು ಇಡೂದು ಸಾಧ್ಯ ಆದದ್ದು 1960ರ ದಶಕದ ಆಸುಪಾಸಿಗಿ. ಗಾಜಿಗಿ ಗಾಜು ಅಂಟಿಸೋ ಸಿಲಿಕೋನ್ ಅಂಟು ಬಂತು, ಅದಕ್ಕಿಂತ ಮುಂಚಿನ ಕಬ್ಬಿಣದ ಚೌಕಟ್ಟು ಉಪ್ಪಿಗಿ ಜಂಗ್ ತಿಂತಿತ್ತು. ಸಮುದ್ರದ ಉಪ್ಪಿನ ಮಿಶ್ರಣ ಚೀಲದಾಗ ಸಿಗಾಕ ಹತ್ತಿತು. 1961ರಾಗ ಇಂಡೋನೇಷ್ಯಾದ ಲೀ ಚಿನ್ ಎಂಗ್ ಅನ್ನವ್ರು, ಸಮುದ್ರದ ಜೀವಂತ ಬಂಡಿ ತುಣುಕು ಪೆಟ್ಟಿಗ್ಯಾಗ ಇಟ್ಟು ಬರೇ ಗಾಳಿ ಗುಳ್ಳಿ ಬಿಟ್ರ ನೀರು ಚೊಕ್ಕ ಇರ್ತದ ಅಂತ ಬರದ್ರು.

ಯಾಕ ಚೊಕ್ಕ ಇರ್ತದ? ಇಲ್ಲೇ ಅದ ಹಿಂದಿನವ್ರಿಗಿ ಪೂರಾ ತಿಳೀದ ಗುಟ್ಟು. ಮೀನು ಉಚ್ಚಿ ಹೊಯ್ತದ, ಉಳಿದ ಕೂಳು ಕೊಳೀತದ, ಅದರಿಂದ ಅಮೋನಿಯಾ ಅನ್ನೋ ವಿಷ ಆಗ್ತದ. ಬಂಡಿ ಮ್ಯಾಲ, ಉಸುಕಿನ್ಯಾಗ ಇರೋ ಕಣ್ಣಿಗಿ ಕಾಣದ ಬ್ಯಾಕ್ಟೀರಿಯಾ ಆ ಅಮೋನಿಯಾನ್ನ ನೈಟ್ರೈಟ್ ಮಾಡ್ತಾವ, ಅದೂ ವಿಷಾನೇ. ಇನ್ನೊಂದು ಜಾತಿವು ಅದನ್ನ ನೈಟ್ರೇಟ್ ಮಾಡ್ತಾವ, ಅದು ಸ್ವಲ್ಪ ಇದ್ರ ತ್ರಾಸಿಲ್ಲ. ಹಾಲಿಗಿ ಹೆಪ್ಪು ಹಾಕ್ದಂಗ ತಿಳ್ಕೊರಿ. ಹೆಪ್ಪಿಲ್ಲದ ಹಾಲು ಮೊಸರಾಗಂಗಿಲ್ಲ, ಹೆಪ್ಪು ಹಾಕಿದ ಗಳಿಗ್ಯಾಗೂ ಮೊಸರಾಗಂಗಿಲ್ಲ. ಮೊಸರಿಗಿ ಒಂದು ರಾತ್ರಿ, ಈ ನೀರಿಗಿ ನಾಕರಿಂದ ಆರು ವಾರ.

ಅದಕ್ಕ ಹೊಸದಾಗಿ ಇಡವ್ರಿಗಿ ನಾ ಹೇಳೂದು ಹಿಂಗ. ಪೆಟ್ಟಿಗಿ ಭಾಳ ಸಣ್ಣದು ಬ್ಯಾಡ. ಸಣ್ಣ ಬುಟ್ಟಲದಾಗಿನ ಸಾರು ಲಗೂನೆ ಉಪ್ಪಾಗ್ತದ, ದೊಡ್ಡ ಗುಂಡ್ಯಾಗಿಂದು ತಡಕೊಂತದ. ಸುಮಾರು ನೂರು ಲೀಟರಿಂದು ಇದ್ರ ಚಲೋ. ಅದು ನೂರು ಕೆ.ಜಿ.ಗಿಂತ ಹೆಚ್ಚು ತೂಕ ಆಗ್ತದ, ಟಿ.ವಿ. ಇಡೋ ಟೇಬಲ್ ತಡ್ಯಂಗಿಲ್ಲ. ನೀರು ಬೋರಿಂದು ಬ್ಯಾಡ, ನಳದ್ದೂ ಬ್ಯಾಡ, ಆರ್‌.ಓ. ನೀರು ಬೇಕು. ಅಡಗಿ ಉಪ್ಪು ನಡ್ಯಂಗಿಲ್ಲ. ಸಮುದ್ರದ ಉಪ್ಪಿನ್ಯಾಗ ನೂರಕ್ಕ 85 ಪಾಲು ನಮ್ ಅಡಗಿ ಉಪ್ಪಿಂದೇ ಅಂಶ, ಉಳಿದ 15 ಪಾಲಿನ್ಯಾಗ ಮ್ಯಾಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಅಂಥವು ಅವ. ಆ 15 ಪಾಲು ಇಲ್ಲದ ಜೀವ ನಡ್ಯಂಗಿಲ್ಲ. ಮೀನಿನ ಅಂಗಡ್ಯಾಗ ಸಿಗೋ ಸಮುದ್ರದ ಉಪ್ಪೇ ತರಬೇಕು, ಲೀಟರಿಗಿ ಸುಮಾರು 35 ಗ್ರಾಂ. ನೂರು ಲೀಟರಿಗಿ ಮೂರೂವರಿ ಕೆ.ಜಿ. ಹೈಡ್ರೋಮೀಟರ್ ಇಳಿಬಿಟ್ಟು 1.025ರ ಹತ್ರ ಬರ್ತದೇನು ನೋಡಬೇಕು. ಬಂಡಿ, ಉಸುಕು, ಪಂಪು ಹಾಕಿ, ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನಿಗಿ ಬರೂತನ ಪರೀಕ್ಷಾ ಕಿಟ್ಟಿನ್ಯಾಗ ನೋಡಕೋತ ಕಾಯಬೇಕು. ಆಮ್ಯಾಲೇ ಮೀನು.

ಇನ್ನೊಂದು. ಪೆಟ್ಟಿಗ್ಯಾಗ ನೀರು ಕಡಿಮಿ ಆದಾಗ ಉಪ್ಪುನೀರು ಸುರಿಬ್ಯಾಡ್ರಿ. ಆರಿ ಹೋಗೂದು ನೀರು ಮಾತ್ರ, ಉಪ್ಪು ಅಲ್ಲೇ ಇರ್ತದ. ಸಾರು ಕುದ್ದು ಇಂಗಿದ್ರ ಉಪ್ಪಾಗ್ತದಲ್ಲ, ಬಿಸಿನೀರು ಹಾಕ್ತೀವಲ್ಲ, ಹಂಗ ಇಲ್ಲಿ ಬರೇ ಆರ್‌.ಓ. ನೀರು ಹಾಕಬೇಕು. ಎರಡು ವಾರಕ್ಕೊಮ್ಮೆ ಹತ್ತು-ಹದಿನೈದು ಪಾಲು ಹಳೇ ನೀರು ತಗದು, ಅಷ್ಟೇ ಹೊಸ ಉಪ್ಪುನೀರು.

ಮೀನು ಯಾವುದು? ಆ ಕಿತ್ತಳಿ ಬಣ್ಣದ ಕ್ಲೌನ್ ಮೀನೇ, ಒಂದು ಜೋಡಿ. ಅದರ ಮನೆತನ ಕೇಳಿದ್ರ ನಗ್ತೀರಿ. ಎಲ್ಲಾವೂ ಹುಟ್ಟಾ ಗಂಡು. ಗುಂಪಿನ್ಯಾಗ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗಿ ಯಜಮಾನಿಕಿ ಮಾಡ್ತದ. ಅಕಿ ಸತ್ತ್ರ ಗಂಡನೇ ಹೆಣ್ಣಾಗಿ ಆ ಜಾಗಕ್ಕ ಬರ್ತಾನ. ಈ ಮೀನು ಸಾಕಿದ ಜಾಗದಾಗೇ ಮರಿ ಮಾಡಿಸಬಹುದು, ನಮ್ ದೇಶದ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವ್ರು ಅದರ ಪದ್ಧತಿ ಮಾಡ್ಯಾರ. ತರುವಾಗ "ಇದು ಸಾಕಿದ್ದೋ, ಸಮುದ್ರದಾಗ ಹಿಡದದ್ದೋ?" ಅಂತ ಕೇಳ್ರಿ. ಫಿಲಿಪೈನ್ಸಿನ್ಯಾಗ 1960ರ ದಶಕದಿಂದ ಹವಳದ ಸಂದಿಗಿ ಸಯನೈಡ್ ವಿಷ ಹೊಡದು, ಮೀನಿಗಿ ಮಂಪರು ಬಂದಾಗ ಹಿಡಿಯೋ ಕೆಟ್ಟ ರೂಢಿ ಬೆಳೀತು. ಮೀನೂ ಸಾಯ್ತಾವ, ಹವಳನೂ ಸಾಯ್ತದ. ಹವಳ ಮಾತ್ರ ತರಲೇಬ್ಯಾಡ್ರಿ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಗಿ 2001ರಾಗ ಹವಳ, ಕಡಲಕುದರಿ ಸೇರಿಸ್ಯಾರ. ಹುಲಿ ಇರೋ ಪಟ್ಟಿನೇ ಅದು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳ ಅದ, ಅದು ಅಲ್ಲೇ ಇರ್ಲಿ.

ಇನ್ನ ನಮ್ ಊರಿನ ಮಾತು. ಕ್ಲೌನ್ ಮೀನಿಗಿ 25-27 ಡಿಗ್ರಿ ನೀರು ಬೇಕು. ನಮ್ ಬ್ಯಾಸಗಿ 40 ದಾಟ್ತದ. ಕರೆಂಟ್ ಹೋದ್ರ ಪಂಪು ನಿಂತು, ಕೆಲವು ತಾಸಿನ್ಯಾಗ ಮೀನಿಗಿ ಉಸಿರು ಕಟ್ತದ. ಬೆಂಗಳೂರಿನ ತಂಪಿನ್ಯಾಗ ಇರೋ ಹುಡುಗರು ಇಟ್ರ ಇಡಲಿ. ಶಹಾಪುರ, ಸುರಪುರದಾಗ ನೀರು ತಣ್ಣಗ ಮಾಡೋ ಮಶೀನು, ಬ್ಯಾಟರಿ ಪಂಪು ಇಲ್ಲದ ಇಡಬ್ಯಾಡ್ರಿ. ಇಟ್ರ ಅದು ಮೀನು ಸಾಕೂದಲ್ಲ, ದಿನಾ ಒಂದೀಟು ಕೊಲ್ಲೂದು.

ಆಸೆ ಅದ, ಅನುಕೂಲ ಇಲ್ಲ ಅನ್ನವ್ರಿಗಿ ಸಿಹಿನೀರಿನ ಮೀನು ಅವ, ಖರ್ಚೂ ಕಡಿಮಿ, ತ್ರಾಸೂ ಕಡಿಮಿ. ವಾರಿಂಗ್ಟನ್ ಲೆಕ್ಕ ಅಲ್ಲೂ ನಡೀತದ: ಗಿಡ, ಮೀನು, ಬಸವನಹುಳ.

ಇಡೋ ಅನುಕೂಲ ಇದ್ದವ್ರು ಇಡುವಾಗ ಇನ್ನೊಂದು ಮಾತು ನಿರ್ಧಾರ ಮಾಡಿಕೊರಿ. ನೀರು ಬದಲಾಯಿಸಾಕಿ ಯಾರು, ಗಾಜು ಒರಸಾಕಿ ಯಾರು, ಯಾರೂ ಮನ್ಯಾಗ ಇಲ್ಲದಾಗ ಒಂದು ಚಿಟಿಕಿ ಕೂಳು ಹಾಕಾಕಿ ಯಾರು? ಹುಡುಗರು ತಂದು ಇಡ್ತಾರ, ಬಂದವ್ರಿಗಿ ತೋರಸ್ತಾರ. ಆಮ್ಯಾಲ ಆ ಕೆಲಸ ಅವ್ವನ ಮ್ಯಾಲೋ, ಸೊಸಿ ಮ್ಯಾಲೋ, ಕೆಲಸದಾಕಿ ಮ್ಯಾಲೋ ಬೀಳ್ತದ. ಕೆಲಸದಾಕಿ ಕೈಲೆ ಮಾಡಿಸಿದ್ರ ಅದಕ್ಕ ಬ್ಯಾರೆ ಪಗಾರ ಕೊಡ್ರಿ, ಆಟ ಅಂತ ತಿಳೀಬ್ಯಾಡ್ರಿ. ಮತ್ತ ಯಾರರೆ ಬಂದು ಗಾಜಿನ ಮುಂದ ನಿಂತು "ಎಷ್ಟ್ ಚೊಕ್ಕ ಇಟ್ಟೀರಿ!" ಅಂದ್ರ, ಚೊಕ್ಕ ಇಟ್ಟಾಕಿ ಹೆಸರು ಹೇಳ್ರಿ.